ಆರಿದ್ರೆಯನ್ನು ಆಕಾಶದಲ್ಲಿ ಕಂಡ ಮೇಲೆ

2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣವಿತ್ತು. ಕೊಡಗಿನ ಕೆಲವು ಊರುಗಳಲ್ಲಿ ಸೂರ್ಯ ಕಂಕಣದ ಹಾಗೆ ಕಂಡರೆ, ಹಿರಿಯೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಕಂಡದ್ದು ಪಾರ್ಶ್ವಗ್ರಹಣ. ಗ್ರಹಣದ ಕನ್ನಡಕವೊಂದನ್ನು ಹಿಡಿದು ನಾನು ಬೆಂಗಳೂರಿನಿಂದ ಊರಿಗೆ ಬಂದಿದ್ದೆ. ಸೂರ್ಯಗ್ರಹಣವೆಂದ ಮೇಲೆ ಅಂದು ಅಮಾವಾಸ್ಯೆ. ಆದ್ದರಿಂದ ರಾತ್ರಿ ಊಟ ಮುಗಿಸಿ ಅಂಗಳಕ್ಕೆ ಬಂದಾಗ ಚಂದ್ರನ ಸುಳಿವಿರಲಿಲ್ಲ. ಕರೆಂಟು ಬೇರೆ ಹೋಗಿದ್ದುದರಿಂದ ಕಣದ ಮೇಲಿನ ಆಕಾಶದಲ್ಲಿ ನಕ್ಷತ್ರಗಳು ಕಿಕ್ಕಿರಿದಿದ್ದವು.

ಆ ವಾರ ಪತ್ರಿಕೆಗಳಲ್ಲಿ ಬೀಟಲ್‌ಜ್ಯೂಸ್ ಎಂಬ ನಕ್ಷತ್ರದ ಸುದ್ದಿ ಬರುತ್ತಿತ್ತು. ಆಕಾಶದ ಅತ್ಯುಜ್ವಲ ನಕ್ಷತ್ರಗಳಲ್ಲಿ ಒಂದಾದ ಅದು ಕೆಲವು ತಿಂಗಳಿಂದ ಮಂಕಾಗುತ್ತಿದೆ, ಏಕೆಂದು ತಿಳಿಯದು ಎಂಬುದು ಸುದ್ದಿಯ ಸಾರ. ಅದರ ಭಾರತೀಯ ಹೆಸರು ಆರ್ದ್ರಾ ಎಂದು ಓದಿದ್ದನ್ನು ಹಗ್ಗದ ಮಂಚದ ಮೇಲೆ ಕುಳಿತಿದ್ದ ದೊಡ್ಡಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರಿದ್ರೆ ಅಂದ್ರೆ ಮಳೆ ಅಲ್ಲೇನಪ್ಪ? ಅದು ಚುಕ್ಕಿನೂ ಹೌದಾ? ಎಲ್ಲೈತೆ ತೋರ್ಸು" ಎಂದರು.

ತೋರಿಸಲು ನನಗೆ ಬರುತ್ತಿರಲಿಲ್ಲ. ಅರವತ್ತು ವರ್ಷ ಹೊಲ ಉತ್ತ ಅವರಿಗೆ ಅಶ್ವಿನಿಯಿಂದ ವಿಶಾಖದವರೆಗಿನ ಮಳೆಗಳ ಹೆಸರು, ಅವು ಹುಟ್ಟುವ ದಿನ, ಯಾವ ಮಳೆಗೆ ಯಾವ ಬಿತ್ತನೆ ಎಂಬುದೆಲ್ಲ ಬಾಯಿಪಾಠವಾಗಿತ್ತು. "ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ" ಎಂಬ ಮಾತನ್ನು ನಾನು ಅವರ ಬಾಯಲ್ಲಿ ಕೇಳುತ್ತಲೇ ಬೆಳೆದವನು. ಹೆಸರು ನಮ್ಮಿಬ್ಬರಿಗೂ ಗೊತ್ತಿತ್ತು, ಆ ಹೆಸರಿನ ನಕ್ಷತ್ರವನ್ನು ಮಾತ್ರ ಇಬ್ಬರೂ ಗುರುತಿಸಿರಲಿಲ್ಲ. ಕೊನೆಗೆ ಮೊಬೈಲಿನಲ್ಲಿ ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಮ್ ತಂತ್ರಾಂಶ ತೆರೆದು ಪೂರ್ವದ ಆಕಾಶಕ್ಕೆ ಹೋಲಿಸಿ ನೋಡಿದೆವು. ಒಂದೇ ಸಾಲಿನಲ್ಲಿ ಸಮಾನ ಅಂತರದಲ್ಲಿದ್ದ ಮೂರು ನಕ್ಷತ್ರಗಳನ್ನು ಕಂಡೊಡನೆ ದೊಡ್ಡಪ್ಪ, "ಅದು ಕೂರಿಗೆ ಇದ್ದಂಗೈತೆ" ಎಂದರು. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟಪಟ್ಟಿಯೆಂದು ಪುಸ್ತಕಗಳು ಹೇಳುವ ಆ ಮೂರು ನಕ್ಷತ್ರಗಳಿಗೆ ಅವರು ಕೊಟ್ಟ ಹೋಲಿಕೆ ನನಗೆ ಇಂದಿಗೂ ಹೆಚ್ಚು ಸರಿಯೆನಿಸುತ್ತದೆ. ಅವುಗಳ ಎಡಕ್ಕೆ, ಚಾಚಿದ ಕೈಯ ಒಂದು ಮುಷ್ಟಿಯಷ್ಟು ದೂರದಲ್ಲಿ ಕೆಂಡ ಬೂದಿ ಮುಚ್ಚಿಕೊಂಡಂತೆ ಕೆಂಪಗಿದ್ದ ನಕ್ಷತ್ರವೇ ಆರಿದ್ರೆ. ನನ್ನ ಹವ್ಯಾಸಿ ಖಗೋಳವೀಕ್ಷಣೆ ಆರಂಭವಾದದ್ದು ಆ ರಾತ್ರಿ.

ರೈತರು ತಲೆಮಾರುಗಳಿಂದ ಬಳಸಿದ ಹೆಸರಿನ ನಕ್ಷತ್ರವನ್ನು ಅವರೇ ಏಕೆ ನೋಡಿರಲಿಲ್ಲ ಎಂಬ ಪ್ರಶ್ನೆ ಬೆಂಗಳೂರಿಗೆ ಮರಳಿದ ಮೇಲೂ ನನ್ನನ್ನು ಬಿಡಲಿಲ್ಲ. ಉತ್ತರ ಸರಳವಾಗಿತ್ತು. ಸೂರ್ಯನು ವರ್ಷದಲ್ಲಿ ಸುತ್ತುವ ದಾರಿಯನ್ನು ನಮ್ಮವರು 27 ಭಾಗ ಮಾಡಿ, ಒಂದೊಂದು ಭಾಗಕ್ಕೆ ಅಲ್ಲಿನ ನಕ್ಷತ್ರದ ಹೆಸರಿಟ್ಟರು. ಸೂರ್ಯ ಒಂದು ಭಾಗದಲ್ಲಿರುವುದು ಹದಿಮೂರು ಹದಿನಾಲ್ಕು ದಿನ, ಆ ದಿನಗಳಲ್ಲಿ ಬೀಳುವುದು ಆ ನಕ್ಷತ್ರದ ಮಳೆ. ಜೂನ್ 22ರ ಹೊತ್ತಿಗೆ ಆರಿದ್ರ ಮಳೆ ಹುಟ್ಟುತ್ತದೆ ಎಂದರೆ ಆಗ ಸೂರ್ಯ ಆರಿದ್ರೆಯ ಬಳಿ ಇದ್ದಾನೆ ಎಂದರ್ಥ. ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವ ನಕ್ಷತ್ರ ಹಗಲಿನ ಬೆಳಕಿನಲ್ಲಿ ಅಡಗಿಹೋಗುತ್ತದೆ. ಮೋಡವಿಲ್ಲದಿದ್ದರೂ ಅದು ಕಾಣುವಂತಿಲ್ಲ. ಆರು ತಿಂಗಳು ಕಳೆದು, ಸುಗ್ಗಿಯ ಚಳಿಯಲ್ಲಿ, ಸೂರ್ಯ ಆಕಾಶದ ಎದುರು ಬದಿಗೆ ಹೋದಾಗ ಮಾತ್ರ ಅದು ಸಂಜೆ ಪೂರ್ವದಲ್ಲಿ ಮೂಡಿ ರಾತ್ರಿಯಿಡೀ ಇರುತ್ತದೆ. ಮಳೆಗೆ ಹೆಸರು ಕೊಟ್ಟ ನಕ್ಷತ್ರ ಆ ಮಳೆಯ ಕಾಲದಲ್ಲಿ ಎಂದೂ ಕಾಣುವುದಿಲ್ಲ ಎಂಬ ಈ ಒಂದು ಸಂಗತಿ ಅರ್ಥವಾದಾಗ, ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ಶಾಲೆಯ ಪಾಠ ಮೊದಲ ಬಾರಿಗೆ ನನ್ನ ಕಣ್ಣಿಗೆ ಕಟ್ಟಿತು.

ಮುಂದಿನ ಎರಡು ತಿಂಗಳು ಪ್ರತಿ ಸಂಜೆ ಮನೆಯ ತಾರಸಿಗೆ ಹೋಗಿ ಆರಿದ್ರೆಯನ್ನು ಅಕ್ಕಪಕ್ಕದ ಎರಡು ನಕ್ಷತ್ರಗಳಿಗೆ ಹೋಲಿಸಿ ನೋಡುತ್ತಿದ್ದೆ. ಒಂದು ರೋಹಿಣಿ, ಇನ್ನೊಂದು ಬೆಲಾಟ್ರಿಕ್ಸ್. ಮಹಾವ್ಯಾಧನ ಒಂದು ಭುಜದಲ್ಲಿ ಆರಿದ್ರೆಯಿದ್ದರೆ ಇನ್ನೊಂದು ಭುಜದಲ್ಲಿರುವುದು ಬೆಲಾಟ್ರಿಕ್ಸ್. ನಕ್ಷತ್ರಗಳ ಹೊಳಪನ್ನು ಅಳೆಯುವ ಕಾಂತಿಮಾನದಲ್ಲಿ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು. ರೋಹಿಣಿಯದು ಸುಮಾರು 0.9, ಬೆಲಾಟ್ರಿಕ್ಸ್‌ನದು 1.6. ಸಾಮಾನ್ಯವಾಗಿ ರೋಹಿಣಿಗಿಂತ ಉಜ್ವಲವಾಗಿರುವ ಆರಿದ್ರೆ ಡಿಸೆಂಬರಿನಲ್ಲೇ ಅದಕ್ಕಿಂತ ಮಂಕಾಗಿತ್ತು. ಫೆಬ್ರುವರಿಯ ನಡುವಿನ ಹೊತ್ತಿಗೆ ಅದು ಬೆಲಾಟ್ರಿಕ್ಸ್‌ಗೆ ಸಮನಾಗಿ ನಿಂತದ್ದನ್ನು ಬರಿಗಣ್ಣಿನಿಂದಲೇ ಕಂಡೆ. ಆಮೇಲೆ ಅದು ಮತ್ತೆ ಬೆಳಗತೊಡಗಿತು. ಆ ನಕ್ಷತ್ರ ಉಗುಳಿದ ಅನಿಲ ತಣಿದು ಧೂಳಾಗಿ ನಮಗೆ ಅಡ್ಡ ಬಂದದ್ದು ಕಾರಣವೆಂದು ವಿಜ್ಞಾನಿಗಳು ಬಳಿಕ ವಿವರಿಸಿದರು. ಯಾವ ಸಲಕರಣೆಯೂ ಇಲ್ಲದೆ, ಹಲಸೂರಿನ ಬಳಿಯ ಒಂದು ತಾರಸಿಯಲ್ಲಿ ನಿಂತು, ನೂರಾರು ಜ್ಯೋತಿರ್ವರ್ಷ ದೂರದ ನಕ್ಷತ್ರವೊಂದರ ಏರಿಳಿತವನ್ನು ನಾನು ಸ್ವತಃ ಗುರುತಿಸಿದ್ದೆ. ಹೊಸಬರು ಏನನ್ನು ಕೊಳ್ಳಬೇಕು ಎಂದು ಕೇಳಿದಾಗಲೆಲ್ಲ ನನಗೆ ಈ ಎರಡು ತಿಂಗಳು ನೆನಪಾಗುತ್ತವೆ.

ಏಕೆಂದರೆ ಕೊಳ್ಳುವುದರಿಂದ ಆರಂಭಿಸಿ ನಾನು ಮೊದಲೇ ಒಮ್ಮೆ ಸೋತಿದ್ದೆ. ಇದಕ್ಕೆ ಮೂರು ವರ್ಷ ಮುಂಚೆ ದೂರದರ್ಶಕವೊಂದನ್ನು ತರಿಸಿದ್ದೆ. 60 ಮಿಲಿಮೀಟರ್ ಮಸೂರದ ಆ ದೂರದರ್ಶಕದ ಪೆಟ್ಟಿಗೆಯ ಮೇಲೆ 525 ಪಟ್ಟು ಹಿಗ್ಗಿಸಿ ತೋರಿಸುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಮುದ್ರಿಸಿದ್ದರು. ಮಸೂರದ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟಿನವರೆಗೆ ಮಾತ್ರ ಹಿಗ್ಗಿಸುವುದರಲ್ಲಿ ಅರ್ಥವಿದೆ, ಅಂದರೆ ಅದರ ಮಿತಿ 120 ಪಟ್ಟು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಅದಕ್ಕಿಂತ ಹೆಚ್ಚಿಸಿದರೆ ಕಾಣುವುದು ಮಸುಕು ಮಾತ್ರ. ಇನ್ನೂ ದೊಡ್ಡ ತೊಂದರೆ ಅದರ ಮುಕ್ಕಾಲಿಯದು. ಮುಟ್ಟಿದರೆ ಸಾಕು, ಚಿತ್ರ ನಾಲ್ಕೈದು ಸೆಕೆಂಡು ಅಲುಗುತ್ತಿತ್ತು. ಅದು ನಿಲ್ಲುವಷ್ಟರಲ್ಲಿ ಭೂಮಿಯ ಆವರ್ತನೆಯಿಂದಾಗಿ ಗ್ರಹ ನೋಟದ ಅಂಚಿಗೆ ಸರಿದಿರುತ್ತಿತ್ತು. ಅರ್ಧ ಡಿಗ್ರಿ ಅಗಲದ ನೋಟವನ್ನು ದಾಟಲು ಯಾವ ಗ್ರಹಕ್ಕಾದರೂ ಬೇಕಾಗುವುದು ಎರಡೇ ನಿಮಿಷ. ನಾಲ್ಕು ರಾತ್ರಿ ಹೆಣಗಿ, ಈ ಹವ್ಯಾಸ ನನಗೆ ಒಗ್ಗದು ಎಂದುಕೊಂಡು, ಅದನ್ನು ಅಟ್ಟಕ್ಕೆ ಹಾಕಿದೆ. ಒಗ್ಗದೆ ಹೋದದ್ದು ಆ ಉಪಕರಣವೇ ಹೊರತು ಆಕಾಶವಲ್ಲ ಎಂದು ತಿಳಿಯಲು ಮೂರು ವರ್ಷ ಬೇಕಾಯಿತು. ಮಕ್ಕಳ ಹುಟ್ಟುಹಬ್ಬಕ್ಕೆ ಇಂಥ ಪೆಟ್ಟಿಗೆಗಳನ್ನು ಕೊಡುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆಸಕ್ತಿ ಮೊಳೆಯುವ ವಯಸ್ಸಿನಲ್ಲೇ ಅದು ಕಮರುತ್ತದೆ.

ಹಾಗಾದರೆ ಮೊದಲ ನಕ್ಷತ್ರಗಳನ್ನು ಗುರುತಿಸುವುದು ಹೇಗೆ? ಮೊಬೈಲಿನ ತಂತ್ರಾಂಶ ನೆರವಾಗುತ್ತದೆ, ನಿಜ. ಆದರೆ ಅದರ ಬೆಳಕು ಕಣ್ಣನ್ನು ಕೆಡಿಸುತ್ತದೆ, ಮತ್ತು ಅದು ಹೇಳಿಕೊಟ್ಟ ಹೆಸರುಗಳು ಪರದೆ ಆರಿದೊಡನೆ ಮರೆತುಹೋಗುತ್ತವೆ. ನನಗೆ ನಿಜವಾಗಿ ಕಲಿಸಿದ್ದು ಅಡುಗೆಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರ್. ಅದರಲ್ಲಿ ಪ್ರತಿ ದಿನದ ಚೌಕದಲ್ಲಿ ತಿಥಿಯ ಕೆಳಗೆ ಒಂದು ನಕ್ಷತ್ರದ ಹೆಸರಿರುತ್ತದೆ. ಅದು ಆ ದಿನ ಚಂದ್ರ ಇರುವ ಜಾಗ. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ, ಎಂದರೆ ಹೆಚ್ಚುಕಡಿಮೆ ಒಂದು ನಕ್ಷತ್ರದಷ್ಟು, ಪೂರ್ವಕ್ಕೆ ಸರಿಯುತ್ತಾನೆ. ಕ್ಯಾಲೆಂಡರಿನಲ್ಲಿ ರೋಹಿಣಿ ಎಂದಿರುವ ರಾತ್ರಿ ಹೊರಗೆ ಬಂದು ಚಂದ್ರನ ಬಳಿ ನೋಡಿದರೆ ಅಲ್ಲೊಂದು ಕಿತ್ತಳೆ ಬಣ್ಣದ ನಕ್ಷತ್ರ ಕಾಣುತ್ತದೆ. ಅದೇ ರೋಹಿಣಿ. ಮಖೆ ಎಂದಿರುವ ರಾತ್ರಿ ಚಂದ್ರನ ಪಕ್ಕದ ಬಿಳಿಯ ನಕ್ಷತ್ರ ಮಖೆ, ಚಿತ್ತೆ ಎಂದಿರುವ ರಾತ್ರಿ ಚಿತ್ತೆ. ಒಂದು ಎಚ್ಚರಿಕೆ ಬೇಕು: ಅಚ್ಚಾಗಿರುವುದು ಸಾಮಾನ್ಯವಾಗಿ ಸೂರ್ಯೋದಯದ ನಕ್ಷತ್ರ. ಅದು ಮುಗಿಯುವ ಗಂಟೆ ನಿಮಿಷವನ್ನೂ ನೋಡಿಕೊಳ್ಳಬೇಕು, ಮಧ್ಯಾಹ್ನಕ್ಕೇ ಮುಗಿದಿದ್ದರೆ ರಾತ್ರಿ ಚಂದ್ರ ಮುಂದಿನದರಲ್ಲಿರುತ್ತಾನೆ. ಎಲ್ಲ ನಕ್ಷತ್ರಗಳೂ ಚಂದ್ರನ ದಾರಿಯ ಮೇಲಿಲ್ಲ ಎಂಬುದನ್ನೂ ನೆನಪಿಡಬೇಕು. ಸ್ವಾತಿ ಮತ್ತು ಶ್ರವಣ ಆ ದಾರಿಯಿಂದ ಬಹಳ ಉತ್ತರಕ್ಕಿವೆ, ನಮ್ಮ ಆರಿದ್ರೆ ಒಂದೂವರೆ ಮುಷ್ಟಿ ದಕ್ಷಿಣಕ್ಕಿದೆ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ, ಬಿಡಿಸಿದ ಗೇಣು ಸುಮಾರು 20 ಡಿಗ್ರಿ. ಆಕಾಶವನ್ನು ಅಳೆಯಲು ಇಷ್ಟು ಸಾಕು.

ಕಾರ್ತಿಕದ ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಬಳಿ, ಚೈತ್ರದ ಹುಣ್ಣಿಮೆಯ ಚಂದ್ರ ಚಿತ್ತೆಯ ಬಳಿ ನಿಲ್ಲುವುದರಿಂದಲೇ ಆ ಮಾಸಗಳಿಗೆ ಆ ಹೆಸರು ಬಂದಿದೆ ಎಂಬುದನ್ನು ಓದಿ ತಿಳಿಯುವುದು ಬೇರೆ, ತಾರಸಿಯಲ್ಲಿ ನಿಂತು ಕಾಣುವುದು ಬೇರೆ. ಪಂಚಾಂಗವೆಂದರೆ ಮುಹೂರ್ತ ನೋಡುವ ಪುಸ್ತಕವೆಂದಷ್ಟೇ ತಿಳಿದು ಅದನ್ನು ದೂರವಿಟ್ಟ ವಿದ್ಯಾವಂತರಲ್ಲಿ ನಾನೂ ಒಬ್ಬನಾಗಿದ್ದೆ. ಫಲಜ್ಯೋತಿಷದಲ್ಲಿ ನನಗೆ ಇಂದಿಗೂ ನಂಬಿಕೆಯಿಲ್ಲ. ಆದರೆ ಆ ಪುಟಗಳಲ್ಲಿರುವ ಚಂದ್ರನ ಲೆಕ್ಕ ನಂಬಿಕೆಯ ವಿಷಯವಲ್ಲ, ಯಾರು ಬೇಕಾದರೂ ರಾತ್ರಿ ಹೊರಗೆ ಬಂದು ಒರೆಗೆ ಹಚ್ಚಿ ನೋಡಬಹುದಾದ ವಿಷಯ.

2020ರ ಜನವರಿಯಲ್ಲಿ 10x50 ಬೈನಾಕ್ಯುಲರ್ ಕೊಂಡೆ. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ ಮಿಲಿಮೀಟರಿನಲ್ಲಿ. ಹತ್ತು ಪಟ್ಟಿಗಿಂತ ಹೆಚ್ಚಿನದನ್ನು ಕೈಯಲ್ಲಿ ಅಲುಗದಂತೆ ಹಿಡಿಯುವುದು ಕಷ್ಟ. ಹತ್ತು ಪಟ್ಟೂ ಅಲುಗುತ್ತದೆ, ಅದಕ್ಕೆ ಉಪಾಯವೆಂದರೆ ನಿಲ್ಲದಿರುವುದು. ಊರಿನಲ್ಲಿ ಹಗ್ಗದ ಮಂಚದ ಮೇಲೆ ಅಂಗಾತ ಮಲಗಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಬೈನಾಕ್ಯುಲರಿನ ಭಾರವನ್ನು ಹುಬ್ಬಿನ ಮೂಳೆಗೆ ಬಿಟ್ಟು ನೋಡುತ್ತೇನೆ. ಹಾಗೆ ಕೃತ್ತಿಕೆಯನ್ನು ಮೊದಲು ಕಂಡ ರಾತ್ರಿಯನ್ನು ಮರೆಯಲಾರೆ. ಬೆಂಗಳೂರಿನಲ್ಲಿ ಬರಿಗಣ್ಣಿಗೆ ಮಸುಕಾದ ಚುಕ್ಕೆಗಳ ಗುಂಪು, ಹಳ್ಳಿಯಲ್ಲಿ ಎಣಿಸಿದರೆ ಆರು. ಬೈನಾಕ್ಯುಲರಿನಲ್ಲಿ ಅದು ಹತ್ತಾರು ನೀಲಿಬಿಳಿ ನಕ್ಷತ್ರಗಳಾಗಿ, ಕಪ್ಪು ಬಟ್ಟೆಯ ಮೇಲೆ ಕಲ್ಲುಸಕ್ಕರೆ ಚೆಲ್ಲಿದಂತೆ, ನೋಟದ ನಡುವೆ ಹರಡಿಕೊಂಡಿತು. ಮಹಾವ್ಯಾಧನ ಕೂರಿಗೆಯ ಕೆಳಗಿರುವ ನೀಹಾರಿಕೆ, ಎಂದರೆ ಅನಿಲ ಮತ್ತು ಧೂಳಿನ ಮೋಡ, ಉಸಿರು ತಾಗಿದ ಕನ್ನಡಿಯಂತೆ ಮಬ್ಬಾಗಿ ಕಂಡಿತು. ಅಲ್ಲಿ ಈಗಲೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ, ಮತ್ತು ನಾನು ಕಂಡ ಬೆಳಕು ಅಲ್ಲಿಂದ ಹೊರಟು 1300 ವರ್ಷಗಳ ಮೇಲಾಗಿದೆ.

ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ತಾರಸಿಯೇ ನನ್ನ ಲೋಕವಾಯಿತು. ಆ ದಿನಗಳ ಸಂಜೆ ಪಶ್ಚಿಮದಲ್ಲಿ ಬೆಳ್ಳಿ ಚುಕ್ಕಿ ಉರಿಯುತ್ತಿತ್ತು. ಏಪ್ರಿಲ್ 3ರಂದು ಶುಕ್ರಗ್ರಹ ಕೃತ್ತಿಕೆಯ ಅಂಚನ್ನೇ ದಾಟಿತು. ಎಂಟು ವರ್ಷಗಳಿಗೊಮ್ಮೆ ಅದೇ ತಿಂಗಳಲ್ಲಿ ಮರುಕಳಿಸುವ ನೋಟವಿದು, ಮುಂದಿನದು 2028ರ ಏಪ್ರಿಲ್‌ನಲ್ಲಿ. ಮೇ ತಿಂಗಳ ನಡುವಿನ ಹೊತ್ತಿಗೆ ಅದೇ ಶುಕ್ರ ಬೈನಾಕ್ಯುಲರಿನಲ್ಲಿ ಬಿದಿಗೆಯ ಚಂದ್ರನಂತೆ ತೆಳ್ಳನೆಯ ಕೋಡಾಗಿ ಕಂಡಿತು. ಚಂದ್ರನಂತೆ ಈ ಗ್ರಹಕ್ಕೂ ವೃದ್ಧಿಕ್ಷಯದ ಕಲೆಗಳಿವೆ ಎಂದು ಗೆಲಿಲಿಯೊ ಕಂಡುಕೊಂಡದ್ದನ್ನು ತಾರಸಿಯ ನೀರಿನ ಟ್ಯಾಂಕಿಗೆ ಒರಗಿ ನಿಂತು ನಾನೂ ಕಂಡೆ. ಆ ಅಕ್ಟೋಬರಿನಲ್ಲಿ ಗುರುಗ್ರಹದ ಉಪಗ್ರಹಗಳು ಸಿಕ್ಕವು. ಬೈನಾಕ್ಯುಲರನ್ನು ಗೋಡೆಯ ಮೂಲೆಗೆ ಒತ್ತಿ ಹಿಡಿದಾಗ ಗ್ರಹದ ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು ಚುಕ್ಕೆ. ಮರುದಿನ ಅವುಗಳ ಜಾಗ ಬದಲಾಗಿತ್ತು. 1610ರ ಜನವರಿಯಲ್ಲಿ ಗೆಲಿಲಿಯೊ ಬರೆದುಕೊಂಡಂತೆ ನಾನೂ ಹತ್ತು ರಾತ್ರಿ ಅವುಗಳ ಚಿತ್ರ ಬರೆದುಕೊಂಡೆ.

ಬೈನಾಕ್ಯುಲರನ್ನಾಗಲಿ ದೂರದರ್ಶಕವನ್ನಾಗಲಿ ಸೂರ್ಯನ ಕಡೆಗೆ ಎಂದೂ ತಿರುಗಿಸಬಾರದು. ಕ್ಷಣಮಾತ್ರದಲ್ಲಿ ಕಣ್ಣು ಶಾಶ್ವತವಾಗಿ ಹೋಗುತ್ತದೆ. ಗ್ರಹಣದ ಕನ್ನಡಕ ಹಾಕಿಕೊಂಡು ಬೈನಾಕ್ಯುಲರಿನಲ್ಲಿ ನೋಡುವುದೂ ಅಷ್ಟೇ ಅಪಾಯ. ಸೂರ್ಯನಿಗೆಂದೇ ಮಾಡಿದ ಶೋಧಕ (ಫಿಲ್ಟರ್) ಮುಂಭಾಗದ ಮಸೂರದ ಮೇಲಿರಬೇಕು. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮೊದಲ ದಿನವೇ ಹೇಳಿಬಿಡಬೇಕು.

ಕತ್ತಲಿನ ವಿಷಯದಲ್ಲಿ ತಾಳ್ಮೆ ಬೇಕು. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ, ಒಂದು ಸಲ ಮೊಬೈಲ್ ನೋಡಿದರೆ ಅಷ್ಟೂ ಹಾಳು. ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಹಾಳೆಯನ್ನು ಎರಡು ಪದರವಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ನಕ್ಷೆ ಓದಲು ಸಾಲುವಷ್ಟು ಬೆಳಕು ಬರುತ್ತದೆ, ಕಣ್ಣಿಗೂ ತೊಂದರೆಯಿಲ್ಲ. ಮಬ್ಬಾದ ವಸ್ತುಗಳನ್ನು ನೇರವಾಗಿ ನೋಡದೆ ಸ್ವಲ್ಪ ಪಕ್ಕಕ್ಕೆ ದೃಷ್ಟಿಯಿಟ್ಟರೆ ಅವು ಸ್ಪಷ್ಟವಾಗುತ್ತವೆ. ಮಂದ ಬೆಳಕನ್ನು ಹಿಡಿಯುವ ಜೀವಕೋಶಗಳು ಅಕ್ಷಿಪಟಲದ ನಡುವೆ ಇಲ್ಲದಿರುವುದೇ ಇದಕ್ಕೆ ಕಾರಣ. ಆ್ಯಂಡ್ರೊಮಿಡಾ ಗೆಲಾಕ್ಸಿಯನ್ನು ನಾನು ಕಂಡದ್ದು ಹೀಗೆ ಓರೆಗಣ್ಣಿನಲ್ಲಿ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆ ಮಸುಕು ಬೆಂಗಳೂರಿನ ಆಕಾಶದಲ್ಲಿ ಕಳೆದೇಹೋಗಿದೆ, ನಮ್ಮೂರಿನ ನವೆಂಬರ್ ರಾತ್ರಿಯಲ್ಲಿ ಬರಿಗಣ್ಣಿಗೇ ಸಿಗುತ್ತದೆ. ಆದರೂ ನಗರದವರು ನಿರಾಶರಾಗಬೇಕಿಲ್ಲ. ಚಂದ್ರನ ಕುಳಿಗಳು, ಗ್ರಹಗಳು, ಉಜ್ವಲ ನಕ್ಷತ್ರಗಳು ಯಾವ ಬೀದಿದೀಪಕ್ಕೂ ಹೆದರುವುದಿಲ್ಲ. ಚಂದ್ರನನ್ನು ನೋಡಲು ಹುಣ್ಣಿಮೆಗಿಂತ ಸಪ್ತಮಿ ಅಷ್ಟಮಿಗಳು ಉತ್ತಮ. ಬೆಳಕು ಕತ್ತಲಿನ ಗೆರೆಯ ಮೇಲೆ ಕುಳಿಗಳ ಅಂಚಿನ ನೆರಳು ಉದ್ದವಾಗಿ ಬೀಳುತ್ತದೆ. ಮಬ್ಬಾದವುಗಳಿಗೆ ಅಮಾವಾಸ್ಯೆಯ ಹಿಂದುಮುಂದಿನ ಐದಾರು ರಾತ್ರಿಗಳನ್ನು ಮೀಸಲಿಟ್ಟರಾಯಿತು. ಅದನ್ನೂ ಕ್ಯಾಲೆಂಡರ್ ಹೇಳುತ್ತದೆ.

ಉತ್ತರ ದೇಶಗಳವರು ಬರೆದ ಮಾರ್ಗದರ್ಶಿಗಳನ್ನು ಓದುವಾಗ ನಮಗಿರುವ ಒಂದು ಭಾಗ್ಯ ತಿಳಿಯುವುದಿಲ್ಲ. ಹಿರಿಯೂರು ಭೂಮಧ್ಯರೇಖೆಯಿಂದ ಸುಮಾರು 14 ಡಿಗ್ರಿ ಉತ್ತರದಲ್ಲಿದೆ. ಹಾಗಾಗಿ ಧ್ರುವನಕ್ಷತ್ರ ಅಲ್ಲಿ ದಿಗಂತದಿಂದ 14 ಡಿಗ್ರಿ, ಎಂದರೆ ಒಂದೂವರೆ ಮುಷ್ಟಿಯಷ್ಟು ಮಾತ್ರ ಮೇಲಿರುತ್ತದೆ. ಅದು ತಗ್ಗಿದಷ್ಟೂ ನಮಗೆ ದಕ್ಷಿಣದ ಆಕಾಶ ತೆರೆದುಕೊಳ್ಳುತ್ತದೆ. ಲಂಡನ್ನಿನವರಿಗೆ ಎಂದೂ ಕಾಣದ ಅಗಸ್ತ್ಯ ನಕ್ಷತ್ರ ಫೆಬ್ರುವರಿಯ ಸಂಜೆ ನಮ್ಮ ದಕ್ಷಿಣದಲ್ಲಿ ಒಂದು ಗೇಣಿಗೂ ಮೇಲೆ ಹೊಳೆಯುತ್ತದೆ. ಮೇ ತಿಂಗಳ ರಾತ್ರಿ ಒಂಬತ್ತರ ಸುಮಾರಿಗೆ ತ್ರಿಶಂಕು ನಕ್ಷತ್ರಪುಂಜ ದಕ್ಷಿಣದಲ್ಲಿ ಅಡ್ಡಿಯಿಲ್ಲದ ದಿಗಂತದ ಮೇಲೆ ನಿಂತಿರುತ್ತದೆ. ಅದೇ ಹೊತ್ತಿಗೆ ಉತ್ತರದಲ್ಲಿ ಸಪ್ತರ್ಷಿ ಮಂಡಲವೂ ಇರುತ್ತದೆ. ಮದುವೆಯಲ್ಲಿ ವಧೂವರರಿಗೆ ಹಗಲಿನಲ್ಲಿ ತೋರಿಸುವ ಅರುಂಧತಿಯನ್ನು ನಾನು ನಿಜವಾಗಿ ಕಂಡದ್ದು ಅಂಥ ಒಂದು ರಾತ್ರಿ, ವಸಿಷ್ಠನ ಮಗ್ಗುಲಲ್ಲಿ ಸಣ್ಣಗೆ ಮಿನುಗುತ್ತಿದ್ದಾಗ.

ಬೈನಾಕ್ಯುಲರಿನಲ್ಲಿ ವರ್ಷ ಕಳೆಯುತ್ತ ಬಂದಾಗ ದೂರದರ್ಶಕವನ್ನು ಮತ್ತೆ ಕೊಂಡೆ. ಈ ಸಲ ಆರು ಇಂಚಿನ ಕನ್ನಡಿಯ ಡಾಬ್ಸೋನಿಯನ್. ಇದರ ಹೆಚ್ಚುಗಾರಿಕೆ ಇರುವುದು ಅದು ಕುಳಿತುಕೊಳ್ಳುವ ಮರದ ಪೀಠದಲ್ಲಿ. ತಿರುಪು ಹಲ್ಲುಚಕ್ರಗಳಿಲ್ಲ, ಕೈಯಿಂದ ತಳ್ಳಿದರೆ ಸರಾಗವಾಗಿ ತಿರುಗುತ್ತದೆ, ಬಿಟ್ಟರೆ ಅಲ್ಲಿಯೇ ನಿಲ್ಲುತ್ತದೆ. ಇದಕ್ಕೆ ಹೆಸರು ಬಂದದ್ದು ಜಾನ್ ಡಾಬ್ಸನ್ ಅವರಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಮಠದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದ ಅವರು, ಬಿಸಾಡಿದ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಯಲ್ಲಿ ಕೂರಿಸಿ, ಬೀದಿಯಲ್ಲಿ ಹೋಗುವವರನ್ನು ಕರೆದು ಶನಿಯ ಬಳೆ ತೋರಿಸುತ್ತಿದ್ದರು.

ಕೊಳ್ಳುವ ಮೊದಲು ಒಂದೆರಡು ದೂರದರ್ಶಕಗಳಲ್ಲಿ ನೋಡಿಬರುವುದು ಒಳ್ಳೆಯದು. ಬೆಂಗಳೂರಿನಲ್ಲಿ ಜವಾಹರಲಾಲ್ ನೆಹರು ತಾರಾಲಯವಿದೆ, ಹವ್ಯಾಸಿ ಖಗೋಳವೀಕ್ಷಕರ ಸಂಘವಿದೆ. ಮಂಗಳೂರಿನ ಕಡೆಯವರಿಗೆ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಅನುಭವಿಗಳ ಪಕ್ಕದಲ್ಲಿ ಕಳೆದ ಒಂದು ರಾತ್ರಿ ಹತ್ತು ವಿಡಿಯೊಗಳಿಗಿಂತ ಹೆಚ್ಚು ಕಲಿಸುತ್ತದೆ.

2020ರ ಡಿಸೆಂಬರ್ 21ರಂದು ಗುರು ಮತ್ತು ಶನಿ ಒಂದಕ್ಕೊಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಹತ್ತಿರ ಬಂದವು. 1623ರ ಬಳಿಕ ಅವು ಅಷ್ಟು ಸಮೀಪಿಸಿರಲಿಲ್ಲ. ಡಾಬ್ಸೋನಿಯನ್ನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಊರಿಗೆ ಹೋದೆ. ಸಂಜೆ ಏಳರೊಳಗೆ ನೋಡಿ ಮುಗಿಸಬೇಕಿತ್ತು, ಎರಡೂ ಗ್ರಹಗಳು ನೈಋತ್ಯದಲ್ಲಿ ಕೆಳಗಿಳಿಯುತ್ತಿದ್ದವು. 48 ಪಟ್ಟಿನ ನೇತ್ರಮಸೂರ ಹಾಕಿ ಗುರಿಯಿಟ್ಟು ದೊಡ್ಡಪ್ಪನನ್ನು ಕರೆದೆ. ಅವರು ಕನ್ನಡಕ ತೆಗೆದು, ಬಗ್ಗಿ, ಬಹಳ ಹೊತ್ತು ಏನೂ ಹೇಳದೆ ನೋಡಿದರು. ಒಂದೇ ವೃತ್ತದಲ್ಲಿ ಒಂದು ಕಡೆ ಪಟ್ಟೆಗಳುಳ್ಳ ಗುರು, ಅದರ ಸಾಲು ಉಪಗ್ರಹಗಳು. ಇನ್ನೊಂದು ಕಡೆ ಬಳೆ ತೊಟ್ಟ ಪುಟ್ಟ ಶನಿ. ನೋಟದಿಂದ ಅವು ಸರಿದಾಗ ಕೊಳವೆಯನ್ನು ತಾವೇ ಮೆಲ್ಲಗೆ ತಳ್ಳಿ ಮತ್ತೆ ನಡುವಿಗೆ ತಂದುಕೊಂಡರು. ಆಮೇಲೆ ದೊಡ್ಡಮ್ಮನನ್ನು, ಪಕ್ಕದ ಮನೆಯವರನ್ನು, ಟ್ರ್ಯಾಕ್ಟರ್ ನಿಲ್ಲಿಸಿ ಬಂದ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಹೇಗೆ ತಳ್ಳಬೇಕೆಂದು ಪ್ರತಿಯೊಬ್ಬರಿಗೂ ಅವರೇ ಹೇಳಿಕೊಟ್ಟರು.

ಅಂದಿನಿಂದ ನಾನು ಇಟ್ಟುಕೊಂಡಿರುವ ನೋಟ್‌ಬುಕ್ಕಿನಲ್ಲಿ ದಿನಾಂಕ, ಗಂಟೆ, ಸ್ಥಳ, ಮೋಡ, ಕಂಡದ್ದು ಎಂಬ ಐದು ಕಲಮುಗಳಿವೆ. ಮಳೆಗಾಲದ ಪುಟಗಳು ಬಹುಪಾಲು ಖಾಲಿ. ಜೂನ್ ಕೊನೆಯಲ್ಲಿ ದೊಡ್ಡಪ್ಪ ಫೋನ್ ಮಾಡಿ ಆರಿದ್ರೆ ಹಿಡಿಯಿತೋ ಇಲ್ಲವೋ ಹೇಳುತ್ತಾರೆ, ಚುಕ್ಕಿ ಮತ್ತೆ ಯಾವಾಗ ಕಾಣುತ್ತದೆ ಎಂದು ಕೇಳುತ್ತಾರೆ. ಕಳೆದ ಆಗಸ್ಟ್ ಎರಡನೇ ವಾರದ ಒಂದು ಸಾಲು ಹೀಗಿದೆ: ಬೆಳಗಿನ ಜಾವ 4.50, ಊರಿನ ಕಣ, ಪೂರ್ವದಲ್ಲಿ ಮೋಡದ ಸಂದಿ, ಆರಿದ್ರೆ ಮೂರು ಮುಷ್ಟಿಯಷ್ಟು ಮೇಲೆ, ರೋಹಿಣಿಗಿಂತ ಪ್ರಕಾಶ, ಮೊದಲು ಕಂಡವರು ದೊಡ್ಡಪ್ಪ.